ಆರ್‌ಟಿಇ ಸೀಟು 8ಕ್ಕೇ ಮುಗಿಯಿತು, 9ನೇ ತರಗತಿಗೆ 58 ಸಾವಿರ ಕೇಳುತ್ತಿದ್ದಾರೆ. ಏನಾದರೂ ಸಹಾಯ ಸಿಗುತ್ತಾ?

ಹೊಲಿಗೆ ಅಮ್ಮ, ತುಮಕೂರು

ಎಲ್ಲರಿಗೂ ನಮಸ್ಕಾರ. 2018ರಲ್ಲಿ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಬಡ ಮಕ್ಕಳಿಗೆ ಖಾಸಗಿ ಶಾಲೆಯ ಉಚಿತ ಸೀಟು) ಲಾಟರಿಯಲ್ಲಿ ನನ್ನ ಮಗಳಿಗೆ ನಮ್ಮ ವಾರ್ಡಿನ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಒಂದನೇ ತರಗತಿಗೆ ಸೀಟು ಸಿಕ್ಕಿತು. ಈಗ 8ನೇ ತರಗತಿ ಮುಗಿಯುತ್ತಾ ಬಂದಿದೆ. ಹೋದ ವಾರ ಪೋಷಕರ ಸಭೆ ಇತ್ತು. ಸಭೆ ಮುಗಿದ ಮೇಲೆ ಆರ್‌ಟಿಇ ಮಕ್ಕಳ ಮನೆಯವರು ಮಾತ್ರ ಇರಿ ಅಂದರು. ಒಬ್ಬೊಬ್ಬರಿಗೂ ಒಂದೊಂದು ಚೀಟಿ ಕೊಟ್ಟರು.

ಚೀಟಿ ನನ್ನ ಮುಂದೇನೇ ಇದೆ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಬೋಧನಾ ಶುಲ್ಕ 42,000. ಸ್ಮಾರ್ಟ್ ಕ್ಲಾಸ್ ಮತ್ತು ಲ್ಯಾಬ್ 6,500. ಪುಸ್ತಕ, ನೋಟ್‌ಬುಕ್ 7,000. ಯೂನಿಫಾರ್ಮ್ 2,500. ಒಟ್ಟು 58,000. ಕೆಳಗೆ ಪೆನ್ನಿನಲ್ಲಿ "ಏಪ್ರಿಲ್ 15ರೊಳಗೆ ಅರ್ಧ" ಅಂತ ಬರೆದಿದ್ದಾರೆ. ಮುಂದುವರಿಸದಿದ್ದರೆ ಟಿಸಿ ತಗೊಂಡು ಹೋಗಿ ಅಂದರು. ಜೋರು ಮಾತು ಏನೂ ಆಡಲಿಲ್ಲ. ಆದರೆ ನಾವು ಬರಿಗೈಲಿ ಇದ್ದೇವೆ ಅನ್ನೋದು ಅವರಿಗೂ ಗೊತ್ತು.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್ ಹಾಕುತ್ತೇನೆ. ಮನೆಯವರು ಲಗೇಜ್ ಆಟೋ ಓಡಿಸುತ್ತಾರೆ. ಇಬ್ಬರದೂ ಸೇರಿಸಿದರೂ ವರ್ಷಕ್ಕೆ ಎರಡು ಲಕ್ಷ ಮುಟ್ಟೋದು ಕಷ್ಟ. ನಾವು 2ಎ ಪ್ರವರ್ಗ. ಮಗಳು ಚೆನ್ನಾಗಿ ಓದುತ್ತಾಳೆ, ಗಣಿತ ಅಂದರೆ ಅವಳಿಗೆ ಪ್ರಾಣ.

ಮೇಲೆ ಇನ್ನೊಂದು ಸಂಕಟ. ಎನ್‌ಎಂಎಂಎಸ್ ಅಂತ ಒಂದು ಪರೀಕ್ಷೆ ಇದೆ, ಪಾಸಾದರೆ ವರ್ಷಕ್ಕೆ 12,000 ಸಿಗುತ್ತೆ ಅಂತ ನಮ್ಮ ಪಕ್ಕದ ಮನೆ ಹುಡುಗ ಹೇಳಿದ. ಅವನು ಸರ್ಕಾರಿ ಹೈಸ್ಕೂಲಿನಲ್ಲಿ ಓದುತ್ತಾನೆ, ಅವನು ಬರೆದ. ನಾನು ನಮ್ಮ ಶಾಲೆಯಲ್ಲಿ ಕೇಳಿದರೆ "ನಮ್ಮ ಮಕ್ಕಳಿಗೆ ಅದು ಬರಲ್ಲ, ಖಾಸಗಿ ಶಾಲೆ" ಅಂದರು. ಹಾಗಾದರೆ ನನ್ನ ಮಗಳು ಯಾವ ಲೆಕ್ಕ? ಬಡವರ ಮಗು ಅಂತ ಸರ್ಕಾರವೇ ಅವಳನ್ನು ಆ ಶಾಲೆಗೆ ಕಳಿಸಿತು. ಈಗ ಸಹಾಯ ಕೇಳಿದರೆ ಖಾಸಗಿ ಶಾಲೆ ಮಗು ಅಂತ ಹೇಳಿದರೆ ಹೇಗೆ?

ಇದನ್ನು ದಾಟಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. 9 ಮತ್ತು 10ಕ್ಕೆ ಯಾವುದಾದರೂ ಯೋಜನೆ ಇದೆಯಾ? ಶಾಲೆ ಬದಲಾಯಿಸುವುದೇ ದಾರಿಯಾ?

ಮೈಸೂರು ಅಪ್ಪ

ಅಕ್ಕ, ಹೋದ ವರ್ಷ ನಾವೂ ಇದೇ ಚೀಟಿ ಹಿಡಿದುಕೊಂಡು ಓಡಾಡಿದವರು. ನನ್ನ ಮಗನದೂ ಆರ್‌ಟಿಇ ಸೀಟೇ. ನಮಗೆ ಏನಾಯಿತು ಅಂತ ಹೇಳುತ್ತೇನೆ.

ಮೊದಲು ಶಾಲೆಯವರ ಹತ್ತಿರ ಮಾತಾಡಿದೆವು. ಒಬ್ಬೊಬ್ಬರೇ ಹೋಗಲಿಲ್ಲ. ಆರ್‌ಟಿಇ ಮಕ್ಕಳ ಮನೆಯವರೆಲ್ಲ ಸೇರಿ ಒಂದು ಅರ್ಜಿ ಬರೆದು ಆಡಳಿತ ಮಂಡಳಿಗೆ ಕೊಟ್ಟೆವು. ಎಂಟು ವರ್ಷ ನಿಮ್ಮಲ್ಲೇ ಓದಿದ ಮಕ್ಕಳು, ಎಸ್‌ಎಸ್‌ಎಲ್‌ಸಿ ರಿಸಲ್ಟ್ ನಿಮ್ಮ ಹೆಸರಿಗೇ ಬರುತ್ತೆ ಅಂತ ಹೇಳಿದೆವು. ಬೋಧನಾ ಶುಲ್ಕದಲ್ಲಿ ಸ್ವಲ್ಪ ಬಿಟ್ಟರು, ಉಳಿದದ್ದು ಕಂತಿನಲ್ಲಿ ಕಟ್ಟಿ ಅಂದರು. ಎಲ್ಲ ಶಾಲೆಯೂ ಬಿಡುತ್ತೆ ಅಂತ ಹೇಳಲಾರೆ. ಬಾಯಿಮಾತಿನಲ್ಲಿ ಒಪ್ಪಿಕೊಂಡು ಬರಬೇಡಿ, ಎಷ್ಟು ಬಿಟ್ಟರು ಅನ್ನೋದು ರಸೀದಿಯಲ್ಲಿ ಬರಲಿ.

ನಮ್ಮ ಜೊತೆಗಿದ್ದ ಒಬ್ಬರು ಗಾರೆ ಕೆಲಸದವರು. ಅವರ ಹತ್ತಿರ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಇತ್ತು, ಅದರಲ್ಲಿ ಮಕ್ಕಳ ಓದಿಗೆ ಸಹಾಯಧನ ಇದೆ. ನಿಮ್ಮ ಮನೆಯವರು ಆಟೋ ಅಂದಿರಿ, ಹಾಗಾಗಿ ಅದು ನಿಮಗೆ ಬರಲ್ಲ. ಆ ಕಾರ್ಡ್ ಮಾಡಿಸಿಕೊಡ್ತೀವಿ ಅಂತ ದುಡ್ಡು ಕೇಳೋರು ಬರುತ್ತಾರೆ, ಅವರ ಮಾತು ಕೇಳಲೇಬೇಡಿ.

ಇನ್ನೊಂದು ಮಾತು. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಯಾವ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದರೂ ಮೊದಲು ಹೆಸರು ನೋಡಿಕೊಳ್ಳಿ. ನನ್ನ ಮಗನ ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಇತ್ತು. ಶಾಲೆಯ ಸ್ಯಾಟ್ಸ್ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ಪಟ್ಟಿ) ದಾಖಲೆಯಲ್ಲಿ ಹೆಸರಿನ ಮುಂದೆ ಇತ್ತು. ಅಷ್ಟಕ್ಕೇ ಅರ್ಜಿ ಮುಂದೆ ಹೋಗಲಿಲ್ಲ. ಆಮೇಲೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿದ್ದರೂ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ದುಡ್ಡು ಯಾವ ಖಾತೆಗೆ ಬೀಳಬೇಕು ಅನ್ನೋ ನೋಂದಣಿ) ಆಗಿದೆಯಾ ಅಂತ ಬ್ಯಾಂಕಿನಲ್ಲಿ ಕೇಳಿ. ಆಗಿಲ್ಲದಿದ್ದರೆ ಮಂಜೂರಾದ ದುಡ್ಡೂ ಖಾತೆಗೆ ಬೀಳಲ್ಲ. ಜಾತಿ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ ಇರುತ್ತೆ. ನಿಮ್ಮದು ಮುಗಿದಿದ್ದರೆ ಈಗಲೇ ನಾಡಕಚೇರಿಗೆ ಹೋಗಿ ಹೊಸದು ಮಾಡಿಸಿಕೊಳ್ಳಿ. ಜೂನ್‌ನಲ್ಲಿ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ.

ಹೈಸ್ಕೂಲ್ ಮೇಷ್ಟ್ರು, ಗದಗ

ತಂಗಿ, ನಾನು ಅನುದಾನಿತ ಪ್ರೌಢಶಾಲೆಯಲ್ಲಿ ಪಾಠ ಮಾಡುವವನು. ನೀನು ಕೇಳಿದ "ನನ್ನ ಮಗಳು ಯಾವ ಲೆಕ್ಕ" ಅನ್ನುವ ಪ್ರಶ್ನೆ ಬಹಳ ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದವರು ಯಾರೂ ಕೊಡುತ್ತಿಲ್ಲ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಶಿಕ್ಷಣ ಹಕ್ಕು ಕಾಯ್ದೆ 2009ರದ್ದು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 12(1)(ಸಿ) ಕಲಮಿನ ಪ್ರಕಾರ ಅನುದಾನ ಇಲ್ಲದ ಖಾಸಗಿ ಶಾಲೆಗಳು ಪ್ರವೇಶ ತರಗತಿಯ ಸೀಟುಗಳಲ್ಲಿ ಶೇ. 25ರಷ್ಟನ್ನು ಬಡ ಮತ್ತು ಹಿಂದುಳಿದ ಮನೆಗಳ ಮಕ್ಕಳಿಗೆ ಕೊಡಬೇಕು. ಖರ್ಚನ್ನು ಸರ್ಕಾರ ಶಾಲೆಗೆ ತುಂಬಿಕೊಡುತ್ತದೆ. ಕಾಯ್ದೆ 6ರಿಂದ 14 ವರ್ಷದವರಿಗೆ ಮಾತ್ರ, ಅಂದರೆ 1ರಿಂದ 8ನೇ ತರಗತಿ. ಅಲ್ಲಿಗೆ ಗೆರೆ ಎಳೆದುಬಿಟ್ಟರು. ಹಾಗಾಗಿ ಶಾಲೆಯವರು 9ಕ್ಕೆ ಶುಲ್ಕ ಕೇಳುವುದು ಕಾನೂನಿಗೆ ವಿರುದ್ಧ ಅಂತ ಹೇಳುವುದಕ್ಕೆ ಬರುವುದಿಲ್ಲ. ಇದು ನಿನಗೆ ಮೊದಲೇ ಗೊತ್ತಿದ್ದರೆ ಒಳ್ಳೆಯದು, ಸುಮ್ನೆ ಜಗಳಕ್ಕೆ ಹೋಗಿ ನಿರಾಸೆ ಆಗಬಾರದು.

ಆದರೆ ನಮ್ಮ ರಾಜ್ಯದಲ್ಲಿ ಹೈಸ್ಕೂಲು ಶುರುವಾಗುವುದೇ 8ರಿಂದ. 8, 9, 10 ಒಂದೇ ಮೆಟ್ಟಿಲು. ಆ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಾಗ ಸರ್ಕಾರ ನಿಮ್ಮ ಮಕ್ಕಳ ಕೈಬಿಡುತ್ತದೆ. 7 ಮುಗಿಸಿ 8ಕ್ಕೆ ಶಾಲೆ ಬದಲಾಯಿಸುವುದು ನಮ್ಮಲ್ಲಿ ಮಾಮೂಲಿ, ಎಲ್ಲರೂ ಹೊಸಬರೇ ಆಗಿರುತ್ತಾರೆ. 9ಕ್ಕೆ ಬಂದ ಮಗು ಒಂಟಿಯಾಗಿ ಬರುತ್ತದೆ. ನಮ್ಮ ಶಾಲೆಗೂ ಹಾಗೆ ಬಂದ ಮಕ್ಕಳು ಇದ್ದಾರೆ. ಒಬ್ಬ ಹುಡುಗಿಗೆ ವಿಜ್ಞಾನದ ಪಾಠ ಪೂರ್ತಿ ಗೊತ್ತು, "ದ್ಯುತಿಸಂಶ್ಲೇಷಣೆ" ಅಂದರೆ ಮುಖ ನೋಡುತ್ತಾಳೆ, ಇಂಗ್ಲಿಷಿನಲ್ಲಿ ಕೇಳಿದರೆ ಬೋರ್ಡಿಗೆ ಬಂದು ಚಿತ್ರ ಬಿಡಿಸಿ ವಿವರಿಸುತ್ತಾಳೆ. ಅವಳಿಗೆ ಆ ವರ್ಷ ಎಷ್ಟು ಕಷ್ಟ ಆಯಿತು ಅಂತ ನಾನು ನೋಡಿದ್ದೇನೆ.

ಈಗ ನಿನ್ನ ಎರಡನೇ ಪ್ರಶ್ನೆ. ಎನ್‌ಎಂಎಂಎಸ್ ಕೇಂದ್ರದ ಯೋಜನೆ. ಪರೀಕ್ಷೆ ಬರೆಯುವುದು 8ನೇ ತರಗತಿಯಲ್ಲಿ. ಆಯ್ಕೆಯಾದರೆ 9ರಿಂದ 12ರವರೆಗೆ ತಿಂಗಳಿಗೆ 1,000ದಂತೆ, ನಾಲ್ಕು ವರ್ಷಕ್ಕೆ 48,000. ಮನೆಯ ಆದಾಯ 3.5 ಲಕ್ಷದೊಳಗೆ ಇರಬೇಕು. ನಿಮ್ಮದು ಇದೆ. 7ನೇ ತರಗತಿಯಲ್ಲಿ ಶೇ. 55 ಅಂಕ ಬೇಕು. ನಿನ್ನ ಮಗಳಿಗೆ ಅದೂ ಇರಬಹುದು. ಆದರೆ ಸರ್ಕಾರಿ, ಅನುದಾನಿತ, ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ. ಅರ್ಜಿಯಲ್ಲಿ ಶಾಲೆಯ ವಿಧ ಕೇಳುತ್ತಾರೆ, ಮಗು ಆ ಶಾಲೆಗೆ ಹೇಗೆ ಬಂತು ಅಂತ ಕೇಳುವುದೇ ಇಲ್ಲ. ಲಕ್ಷಗಟ್ಟಲೆ ಶುಲ್ಕ ಕಟ್ಟುವ ಮನೆಯ ಮಗುವೂ, ಅದರ ಪಕ್ಕದಲ್ಲೇ ಕೂತ ಆರ್‌ಟಿಇ ಮಗುವೂ ಅಲ್ಲಿ ಒಂದೇ ಸಾಲಿಗೆ ಸೇರುತ್ತಾರೆ.

ಕೇಂದ್ರದ ಪಿಎಂ ಯಶಸ್ವಿ ಯೋಜನೆಯಲ್ಲಿ ಒಬಿಸಿ (ಹಿಂದುಳಿದ ವರ್ಗದ) ಮಕ್ಕಳಿಗೆ 9, 10ರಲ್ಲಿ ವರ್ಷಕ್ಕೆ 4,000 ಕೊಡುವ ಪ್ರೀಮೆಟ್ರಿಕ್ ವಿದ್ಯಾರ್ಥಿವೇತನ ಇದೆ, ಆದಾಯ ಮಿತಿ 2.5 ಲಕ್ಷ. ಅದೂ ಸರ್ಕಾರಿ ಶಾಲೆಯ ಮಕ್ಕಳಿಗೇ.

ನನ್ನ ತಕರಾರು ಇಷ್ಟೇ. ಸಹಾಯ ಮಗುವಿನ ಮನೆಯ ಪರಿಸ್ಥಿತಿ ನೋಡಿ ಬರಬೇಕು, ಶಾಲೆಯ ಗೇಟಿನ ಮೇಲಿನ ಬೋರ್ಡು ನೋಡಿ ಅಲ್ಲ. ಬಡತನವನ್ನು ಒಂದು ಸಲ ಸರ್ಕಾರವೇ ಪರೀಕ್ಷೆ ಮಾಡಿ, ಪ್ರಮಾಣಪತ್ರ ನೋಡಿ, ಲಾಟರಿ ಎತ್ತಿ ಸೀಟು ಕೊಟ್ಟಿದೆ. ಆ ಮಗುವಿನ ಹೆಸರು ಇಲಾಖೆಯ ಕಂಪ್ಯೂಟರಿನಲ್ಲೇ ಆರ್‌ಟಿಇ ಅಂತ ಇದೆ. ಎನ್‌ಎಂಎಂಎಸ್‌ಗೆ "ಆರ್‌ಟಿಇ ಅಡಿ ಸೇರಿದ ಮಕ್ಕಳೂ ಅರ್ಹರು" ಅಂತ ಒಂದು ಸಾಲು ಸೇರಿಸಿದರೆ ಸಾಕು.

ಇದನ್ನು ಓದುತ್ತಿರುವ ಬೇರೆ ಪೋಷಕರಿಗೆ ಒಂದು ಮಾತು. ನಿಮ್ಮ ಆರ್‌ಟಿಇ ಮಗು ಈಗ 7ರಲ್ಲಿ ಇದ್ದರೆ, 9ಕ್ಕೆ ಶುಲ್ಕ ಕಟ್ಟೋಕೆ ಆಗಲ್ಲ ಅಂತ ಖಾತ್ರಿ ಇದ್ದರೆ, 8ಕ್ಕೇ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಿಸುವುದನ್ನು ಯೋಚನೆ ಮಾಡಿ. ಒಂದು ವರ್ಷದ ಉಚಿತ ಸೀಟು ಹೋಗುತ್ತದೆ. ಆದರೆ ಮಗು ಎನ್‌ಎಂಎಂಎಸ್ ಬರೆಯಬಹುದು, ಪಠ್ಯಪುಸ್ತಕ ಉಚಿತ, 10ರವರೆಗೂ ಮಧ್ಯಾಹ್ನದ ಬಿಸಿಯೂಟ ಇದೆ. ಮುಖ್ಯವಾಗಿ ಹೈಸ್ಕೂಲಿನ ಮೂರೂ ವರ್ಷ ಒಂದೇ ಕಡೆ ಓದುತ್ತದೆ.

ಸರ್ಕಾರಿ ಶಾಲೆ ಉಳಿಸಿ, ಹಾಸನ

ಮೇಷ್ಟ್ರ ಮಾತಿಗೆ ಗೌರವ ಇದೆ, ಆದರೆ ಬುಡದಲ್ಲೇ ನನಗೆ ಭಿನ್ನಾಭಿಪ್ರಾಯ ಇದೆ. ಸರ್ಕಾರದ ದುಡ್ಡು ಖಾಸಗಿ ಶಾಲೆಗೆ ಹೋಗಲೇಬಾರದಿತ್ತು. ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿ, ಶಿಕ್ಷಕರ ಹುದ್ದೆ ಕಡಿಮೆಯಾಗಿ, ಶಿಕ್ಷಕರು ಇಲ್ಲ ಅಂತ ಇನ್ನಷ್ಟು ಮಕ್ಕಳು ಹೋದರು. ಅತ್ತ ಆರ್‌ಟಿಇ ಹೆಸರಿನಲ್ಲಿ ವರ್ಷವರ್ಷ ನೂರಾರು ಕೋಟಿ ಖಾಸಗಿಯವರಿಗೆ ಹೋಯಿತು. ಆ ದುಡ್ಡಿನಲ್ಲಿ ಎಷ್ಟು ಕೊಠಡಿ ಕಟ್ಟಬಹುದಿತ್ತು? ಕೊಠಾರಿ ಆಯೋಗ 1966ರಲ್ಲೇ ಸಮಾನ ಶಾಲೆ ಅಂತ ಹೇಳಿತ್ತು. ಡಾಕ್ಟರ ಮಗುವೂ ಕೂಲಿಯವರ ಮಗುವೂ ಊರಿನ ಒಂದೇ ಶಾಲೆಗೆ ಬರಬೇಕು. ಆಗ ಮಾತ್ರ ಆ ಶಾಲೆ ಸರಿಯಾಗುತ್ತದೆ.

2019ರ ಜನವರಿಯಲ್ಲಿ ನಮ್ಮ ಸರ್ಕಾರ ನಿಯಮ ಬದಲಾಯಿಸಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ ಅಂತ ಮಾಡಿತು. ಅದೇ ವರ್ಷ ಮೇ ತಿಂಗಳಲ್ಲಿ ಹೈಕೋರ್ಟ್ ಕೂಡ ಒಪ್ಪಿತು. ನನ್ನ ಪ್ರಕಾರ ಅದು ಸರಿಯಾದ ಹೆಜ್ಜೆ. ತುಮಕೂರಿನ ಅಕ್ಕನ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಮಗಳನ್ನು ಧೈರ್ಯವಾಗಿ ಸರ್ಕಾರಿ ಹೈಸ್ಕೂಲಿಗೆ ಸೇರಿಸಿ ಅಂತಲೇ ನನ್ನ ಸಲಹೆ.

ಹೈಸ್ಕೂಲ್ ಮೇಷ್ಟ್ರು, ಗದಗ

ಹಾಸನದವರೇ, ಸರ್ಕಾರಿ ಶಾಲೆ ಗಟ್ಟಿಯಾಗಬೇಕು ಅನ್ನುವುದರಲ್ಲಿ ನಿಮಗಿಂತ ನಾನು ಒಂದು ಹೆಜ್ಜೆ ಮುಂದೇ ಇದ್ದೇನೆ. ಆದರೆ 2019ರ ಬದಲಾವಣೆಯಿಂದ ಆದದ್ದೇನು? 2018-19ರಲ್ಲಿ ಒಂದೂವರೆ ಲಕ್ಷದ ಆಸುಪಾಸು ಇದ್ದ ಆರ್‌ಟಿಇ ಸೀಟು ಮರುವರ್ಷ 20 ಸಾವಿರದೊಳಕ್ಕೆ ಇಳಿಯಿತು. ಖಾಸಗಿ ಶಾಲೆ ಮುಚ್ಚಲಿಲ್ಲ. ಡಾಕ್ಟರ ಮಗು ಊರಿನ ಶಾಲೆಗೆ ಬರಲಿಲ್ಲ. ಬಡವರ ಮಗು ಒಂದೇ ಆ ಗೇಟಿನಿಂದ ಹೊರಗೆ ಉಳಿಯಿತು. ಇದನ್ನು ಸಮಾನ ಶಾಲೆ ಅಂತ ಹೇಗೆ ಕರೆಯುವುದು?

ಕೋರ್ಟಿನ ಮಾತಿಗೆ ಬಂದರೆ, ಹೆಚ್ಚುಕಡಿಮೆ ಇದೇ ನಿಯಮವನ್ನು ಮಹಾರಾಷ್ಟ್ರ 2024ರ ಫೆಬ್ರುವರಿಯಲ್ಲಿ ತಂದಿತು. ಜುಲೈನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು. ಮುಂದೆ ಸುಪ್ರೀಂ ಕೋರ್ಟ್ ಕೂಡ ಆ ತೀರ್ಪಿಗೆ ಕೈಹಾಕಲಿಲ್ಲ. ಅದೇ ಕಾಯ್ದೆ, ಅಂಥದ್ದೇ ನಿಯಮ. ಅಲ್ಲಿ ಬಿತ್ತು, ಇಲ್ಲಿ ನಿಂತಿತು. ಬೆಳಗಾವಿಯ ಮಗುವಿಗೆ ಇಲ್ಲದ ಸೀಟು ಗಡಿ ದಾಟಿದರೆ ಕೊಲ್ಹಾಪುರದ ಮಗುವಿಗೆ ಇದೆ.

ನಮ್ಮ ವಾದ ಏನೇ ಇರಲಿ, ಆ ತಂಗಿಯ ಮಗಳು ಈಗಾಗಲೇ ಒಳಗೆ ಇದ್ದಾಳೆ. 2018ರ ದೊಡ್ಡ ಗುಂಪಿನ ಮಗು ಅವಳು. ಆ ಗುಂಪಿನಲ್ಲಿ ಒಂದನೇ ತರಗತಿಗೆ ಸೇರಿದವರೆಲ್ಲ ಈಗ ಒಟ್ಟಿಗೆ 8 ಮುಗಿಸುತ್ತಿದ್ದಾರೆ. ನೀತಿ ತಪ್ಪೋ ಸರಿಯೋ ಅಂತ ನಾವು ತೀರ್ಮಾನಿಸುವ ಹೊತ್ತಿಗೆ ಈ ಮಕ್ಕಳು ಓದು ಬಿಟ್ಟಿರುತ್ತಾರೆ.

ಸಣ್ಣ ಶಾಲೆಯ ಲೆಕ್ಕದವನು

ನಾನು ಒಂದು ಚಿಕ್ಕ ಖಾಸಗಿ ಶಾಲೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಊರಿನ ಹೆಸರು ಬೇಡ. ಶಾಲೆ ಕಡೆಯ ಮಾತೂ ಇಲ್ಲಿ ಬರಲಿ ಅಂತ ಬರೆಯುತ್ತಿದ್ದೇನೆ.

ಸರ್ಕಾರ ಒಂದು ಮಗುವಿಗೆ ವರ್ಷಕ್ಕೆ ಹೆಚ್ಚೆಂದರೆ 16,000 ಕೊಡುತ್ತದೆ. ಎಲ್‌ಕೆಜಿ ಆದರೆ 8,000. ಯೋಜನೆ ಶುರುವಾದಾಗ 11,848 ಇತ್ತು. ಎರಡು ಕಂತಿನಲ್ಲಿ ಬರಬೇಕಾದ ದುಡ್ಡು ಎಷ್ಟೋ ಸಲ ಆ ವರ್ಷ ಮುಗಿದ ಮೇಲೆ ಬರುತ್ತದೆ. ನಮ್ಮಂಥ ಶಾಲೆಗೆ ಅದು ಶಿಕ್ಷಕರ ಸಂಬಳದ ದುಡ್ಡು. ಅದು ಬರಲಿಲ್ಲ ಅಂದರೆ ಮಾರ್ಚ್ ಸಂಬಳ ಮೇನಲ್ಲಿ. ನಮ್ಮ ಮೇಡಂಗಳಿಗೂ ಮನೆ ಮಕ್ಕಳು ಇದ್ದಾರೆ, ಅಲ್ವಾ?

9ನೇ ತರಗತಿಗೆ ಆ 16,000 ಕೂಡ ನಿಂತುಹೋಗುತ್ತದೆ. ಆಗ ಪೂರ್ತಿ ಉಚಿತ ಮಾಡಿ ಅಂದರೆ ಬೇರೆ ಮಕ್ಕಳ ಶುಲ್ಕ ಏರಿಸಬೇಕು. ಅವರೂ ದೊಡ್ಡ ಶ್ರೀಮಂತರಲ್ಲ, ಕಿರಾಣಿ ಅಂಗಡಿಯವರು, ಗಾರ್ಮೆಂಟ್ಸ್‌ಗೆ ಹೋಗುವವರು. ಆದ್ದರಿಂದ ನನ್ನ ಕೋರಿಕೆ ಸರ್ಕಾರಕ್ಕೆ. 8ಕ್ಕೆ ಕೊಟ್ಟ ದುಡ್ಡನ್ನೇ 9, 10ಕ್ಕೂ ಮುಂದುವರಿಸಿ. ಎರಡು ವರ್ಷಕ್ಕೆ ಒಂದು ಮಗುವಿಗೆ 32,000. ಎಂಟು ವರ್ಷ ಖರ್ಚು ಮಾಡಿದ ಮೇಲೆ ಇದು ದೊಡ್ಡ ಮೊತ್ತವಲ್ಲ. ಛತ್ತೀಸ್‌ಗಢ 2019ರಲ್ಲಿ ಇದನ್ನು 12ರವರೆಗೆ ವಿಸ್ತರಿಸಿತು. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು?

ಅಕ್ಕನ ಚೀಟಿ ಬಗ್ಗೆ ಒಂದು ಮಾತು. ಪುಸ್ತಕ, ಯೂನಿಫಾರ್ಮ್ ಶಾಲೆಯಲ್ಲೇ ತಗೋಬೇಕು ಅಂತ ಒತ್ತಾಯ ಮಾಡಿದರೆ ಒಪ್ಪಬೇಡಿ. ಮೇಲಿನ ತರಗತಿಯ ಮಕ್ಕಳ ಹತ್ತಿರ ಹಳೇ ಪುಸ್ತಕ ಸಿಗುತ್ತವೆ. ಯೂನಿಫಾರ್ಮ್ ಬಟ್ಟೆ ತಂದರೆ ನೀವೇ ಹೊಲಿಯಬಹುದು. ಅಲ್ಲಿಗೇ ಏಳೆಂಟು ಸಾವಿರ ಇಳಿಯುತ್ತದೆ. ಸ್ಮಾರ್ಟ್ ಕ್ಲಾಸ್ ಅನ್ನೋ ಸಾಲಿನಲ್ಲೂ ಚರ್ಚೆಗೆ ಜಾಗ ಇರುತ್ತದೆ, ಕೇಳಿ ನೋಡಿ.

ಹೈಸ್ಕೂಲ್ ಮೇಷ್ಟ್ರು, ಗದಗ

ಲೆಕ್ಕದವರು ಹೇಳಿದ್ದು ನ್ಯಾಯವಾದ ಮಾತು. ಸಣ್ಣ ಶಾಲೆಗಳನ್ನು ದೊಡ್ಡ ಟ್ರಸ್ಟುಗಳ ಜೊತೆ ಒಂದೇ ತಕ್ಕಡಿಯಲ್ಲಿ ಇಟ್ಟು ಮಾತಾಡಬಾರದು. ಸರ್ಕಾರದಿಂದ ಕಡಿಮೆ ಬೆಲೆಗೆ ಜಮೀನು ಪಡೆದ ಶಾಲೆಗಳ ಕಥೆ ಬೇರೆ. ಜಮೀನು ಕೊಟ್ಟಾಗ ಇಷ್ಟು ಮಕ್ಕಳಿಗೆ ಉಚಿತವಾಗಿ ಕಲಿಸಬೇಕು ಅಂತ ಷರತ್ತು ಇದ್ದರೆ, ಅಷ್ಟರ ಮಟ್ಟಿಗೆ ಆರ್‌ಟಿಇ ಹಣ ಕೇಳುವಂತಿಲ್ಲ ಅಂತ ಕಾಯ್ದೆಯ 12(2)ರಲ್ಲೇ ಇದೆ. ದೆಹಲಿಯಲ್ಲಿ ಹೀಗೆ ಜಮೀನು ಪಡೆದ ಶಾಲೆಗಳು ಬಡ ಮಕ್ಕಳನ್ನು 12ರವರೆಗೂ ಇಟ್ಟುಕೊಳ್ಳಬೇಕು. ನಮ್ಮಲ್ಲೂ ಸಿಎ (ನಾಗರಿಕ ಸೌಲಭ್ಯಕ್ಕೆ ಮೀಸಲಿಟ್ಟ) ನಿವೇಶನ ಪಡೆದು ಕಟ್ಟಿದ ಶಾಲೆಗಳಿವೆ. ಕನಿಷ್ಠ ಅಲ್ಲಿಂದಾದರೂ ಶುರು ಮಾಡಬಹುದು.

ತಂಗಿ, ನಿನಗೆ ಈಗ ಕೈಯಲ್ಲಿರುವ ದಾರಿ ಹೇಳುತ್ತೇನೆ. ನಿಮ್ಮ ಹತ್ತಿರ ಇಂಗ್ಲಿಷ್ ಮಾಧ್ಯಮದ ವಿಭಾಗ ಇರುವ ಸರ್ಕಾರಿ ಹೈಸ್ಕೂಲ್ ಅಥವಾ ಕರ್ನಾಟಕ ಪಬ್ಲಿಕ್ ಶಾಲೆ ಇದೆಯಾ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳು. ಅನುದಾನಿತ ಶಾಲೆಯಾದರೆ ಒಂದು ವಿಷಯ ಗಟ್ಟಿಯಾಗಿ ಕೇಳಿಕೋ. ಒಂದೇ ಕಾಂಪೌಂಡಿನಲ್ಲಿ ಕನ್ನಡ ವಿಭಾಗಕ್ಕೆ ಅನುದಾನ ಇರುತ್ತದೆ, ಇಂಗ್ಲಿಷ್ ವಿಭಾಗಕ್ಕೆ ಇರುವುದಿಲ್ಲ. ಬೋರ್ಡು ಒಂದೇ, ಶುಲ್ಕ ಬೇರೆ. ಸೇರಿಸಿದ ಮೇಲೆ ಗೊತ್ತಾಗುವುದು ಬೇಡ. ಮಗಳಿಗೆ ಗಣಿತ ಇಷ್ಟ ಅಂದೆ. ನವೋದಯದಲ್ಲಿ ಖಾಲಿ ಸೀಟಿಗೆ 9ನೇ ತರಗತಿ ಪ್ರವೇಶ ಪರೀಕ್ಷೆ ಇದೆ. ಮಾನ್ಯತೆ ಪಡೆದ ಖಾಸಗಿ ಶಾಲೆಯ 8ನೇ ತರಗತಿ ಮಕ್ಕಳೂ ಬರೆಯಬಹುದು. ಆದರೆ ಅರ್ಜಿ ಹಿಂದಿನ ವರ್ಷದ ಕೊನೆಯಲ್ಲೇ ಮುಗಿದಿರುತ್ತದೆ. ನಿನ್ನ ಮಗಳಿಗೆ ಈ ಸಲ ತಡವಾಯಿತು, 7 ಮುಗಿಸುವ ಮಕ್ಕಳ ಮನೆಯವರು ಈಗಲೇ ನೆನಪಿಟ್ಟುಕೊಳ್ಳಲಿ.

ಹೊಲಿಗೆ ಅಮ್ಮ, ತುಮಕೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೈಸೂರಿನ ಅಣ್ಣ ಹೇಳಿದ ಹಾಗೆ ಆಧಾರ್ ಮತ್ತು ಶಾಲೆಯ ದಾಖಲೆ ಪಕ್ಕಪಕ್ಕ ಇಟ್ಟು ನೋಡಿದೆ. ಹೆಸರು ಸರಿ ಇದೆ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ, ನಾಡಕಚೇರಿಗೆ ಅರ್ಜಿ ಕೊಟ್ಟು ಬಂದೆ.

ಹಾಸನದ ಸರ್, ನಿಮ್ಮ ಮಾತು ನನಗೆ ಅರ್ಥ ಆಗುತ್ತೆ. ನಾನು ಓದಿದ್ದೂ ಸರ್ಕಾರಿ ಶಾಲೆಯಲ್ಲೇ, ಅದರ ಬಗ್ಗೆ ನನಗೆ ಕೀಳಾಗಿ ಇಲ್ಲ. ಆದರೆ 2018ರಲ್ಲಿ ಅರ್ಜಿ ಹಾಕಿ ಅಂತ ಕರೆದದ್ದು ಸರ್ಕಾರ. ನಾವು ಕೇಳಿ ಮಾಡಿಸಿಕೊಂಡ ಯೋಜನೆ ಅಲ್ಲ. ಈಗ ಮಗಳು ಒಂದೇ ಮಾತು ಹೇಳುತ್ತಾಳೆ: "ಶಾಲೆ ಬದಲಾಯಿಸಿದರೂ ಪರವಾಗಿಲ್ಲ ಅಮ್ಮ, ಗಣಿತದ ಟೀಚರ್ ಇರೋ ಕಡೆ ಸೇರಿಸು." ಅದಕ್ಕೇ ನಾನು ಎರಡೂ ಕಡೆ ವಿಚಾರಿಸುತ್ತಿದ್ದೇನೆ.

ನಮ್ಮ ಶಾಲೆಯ ಆರ್‌ಟಿಇ ಮನೆಯವರೆಲ್ಲ ನಿನ್ನೆ ಸಂಜೆ ನಮ್ಮ ಮನೆಯಲ್ಲೇ ಸೇರಿದ್ದರು. ಶಾಲೆಗೆ ಒಂದು ಅರ್ಜಿ, ಇಲಾಖೆಗೆ ಒಂದು ಮನವಿ ಬರೆಯೋಣ ಅಂತ ಆಯಿತು. ಇಲಾಖೆಗೆ ಕೊಡೋದರಲ್ಲಿ 9, 10ಕ್ಕೂ ದುಡ್ಡು ಮುಂದುವರಿಸಿ, ಎನ್‌ಎಂಎಂಎಸ್ ಬರೆಯೋಕೆ ಆರ್‌ಟಿಇ ಮಕ್ಕಳಿಗೂ ಅವಕಾಶ ಕೊಡಿ ಅಂತ ಕೇಂದ್ರಕ್ಕೆ ಬರೆಯಿರಿ, ಇವೆರಡೇ ಕೇಳುತ್ತಿದ್ದೇವೆ. ಇನ್ನೂ ನಾಲ್ಕು ಸೇರಿಸೋಣ ಅಂದರು ಕೆಲವರು. ಬೇಡ, ಎರಡೇ ಇರಲಿ, ಅದು ಕೈಗೆ ಬರಲಿ ಅಂತ ನಾನು ಹೇಳಿದೆ. ಮೇಷ್ಟ್ರೇ, ಬರೆದ ಮೇಲೆ ಇಲ್ಲೇ ಹಾಕುತ್ತೇನೆ, ಕಾನೂನಿನ ಕಲಮು ಸರಿ ಇದೆಯಾ ನೋಡಿಕೊಡಿ.

ಬರುವ ಸೋಮವಾರ ಬೆಳಗ್ಗೆ ಬಿಇಒ ಕಚೇರಿಗೆ ಹೋಗುತ್ತೇವೆ. ಅಲ್ಲಿಂದ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು) ಕಚೇರಿಗೆ. ತುಮಕೂರಿನಲ್ಲಿ ಬೇರೆ ಶಾಲೆಯ ಆರ್‌ಟಿಇ ಮಕ್ಕಳ ಮನೆಯವರು ಯಾರಾದರೂ ಇದ್ದರೆ ಇಲ್ಲೇ ಉತ್ತರ ಹಾಕಿ, ಜೊತೆಗೆ ಹೋಗೋಣ. ಬೇರೆ ಜಿಲ್ಲೆಯವರು ಇದೇ ಮನವಿಯನ್ನು ನಿಮ್ಮ ಕಡೆ ಕೊಡಬಹುದು. ಮಗುವಿನ ಆರ್‌ಟಿಇ ಸೀಟು ಹಂಚಿಕೆ ಪತ್ರದ ಜೆರಾಕ್ಸ್ ಮಾತ್ರ ಮರೆಯದೆ ಇಟ್ಟುಕೊಂಡಿರಿ.